ಹವಳ ಕಲ್ಲಲ್ಲ: ಮಲೆನಾಡಿನ ತರಗತಿಯಲ್ಲಿ ನೇತ್ರಾಣಿಯ ಪಾಠ

ಹಿನ್ನೆಲೆ

ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಸಮಯದಲ್ಲಿ 8ನೇ ತರಗತಿಗೆ ಸಂರಕ್ಷಣೆಯ ಘಟಕದ ವಿಸ್ತರಣೆಯಾಗಿ ಈ ಪಾಠವನ್ನು ಎರಡು ಅವಧಿಗಳಲ್ಲಿ ಮಾಡಿದೆ. ‘ಹವಳ ಎಂದರೇನು?’ ಎಂದು ಕೇಳಿದಾಗ ಬಂದ ಉತ್ತರ: ‘ಉಂಗುರಕ್ಕೆ ಹಾಕ್ತಾರಲ್ಲ ಮಿಸ್, ಕೆಂಪು ಕಲ್ಲು.’ ಹೆಚ್ಚಿನ ಮಕ್ಕಳು ಸಮುದ್ರವನ್ನೇ ನೋಡಿರಲಿಲ್ಲ. ಆದರೆ ರಜೆ ಬಂದರೆ ಜೀಪು ಹತ್ತಿ ಗುಡ್ಡಕ್ಕೆ ಹೋಗುವ ಪ್ರವಾಸಿಗರನ್ನು ಎಲ್ಲರೂ ನೋಡಿದ್ದಾರೆ. ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.

ಕಲಿಕಾ ಫಲಗಳು

1. ಹವಳವು ಜೀವಿ ಎಂಬುದನ್ನು ವಿವರಿಸುವರು.
2. ಮುಳುಗುಗಾರರಿಂದ ಹವಳದ ದಿಬ್ಬಕ್ಕೆ ಆಗುವ ಹಾನಿಯ ಕಾರಣಗಳನ್ನು ಗುರುತಿಸುವರು.
3. ತಮ್ಮ ಊರಿನ ಪ್ರವಾಸೋದ್ಯಮಕ್ಕೆ ಅದೇ ವಿಚಾರವನ್ನು ಅನ್ವಯಿಸುವರು.

ಸಾಮಗ್ರಿ

ಎರಡು ಗಾಜಿನ ಲೋಟ, ಶಾಲೆಯ ಅಂಗಳದ ಕೆಂಪು ಮಣ್ಣು, ಟಾರ್ಚ್, 20 ಸೀಮೆಸುಣ್ಣ, ಸ್ಕೇಲು, ಕರ್ನಾಟಕದ ಭೂಪಟ.

ಮೊದಲ ಅವಧಿ

ಭೂಪಟದಲ್ಲಿ ಉತ್ತರ ಕನ್ನಡದ ಮುರ್ಡೇಶ್ವರವನ್ನು ಗುರುತಿಸಿದೆವು. ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದೊಳಗೆ ನೇತ್ರಾಣಿ ದ್ವೀಪವಿದೆ. ಅದರ ಬಂಡೆಗಳ ಬುಡದಲ್ಲಿ ಹವಳಗಳಿವೆ. ಮಳೆಗಾಲ ಕಳೆದ ಮೇಲೆ ಪ್ರವಾಸಿಗರು ಸ್ಕೂಬಾ ಡೈವಿಂಗ್‌ಗೆ ಹೋಗುವುದು ಇಲ್ಲಿಗೇ.

ಹವಳವನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಅದರ ಅಂಗಾಂಶದೊಳಗಿನ ಸೂಕ್ಷ್ಮ ಶೈವಲಗಳು ದ್ಯುತಿಸಂಶ್ಲೇಷಣೆ ನಡೆಸಿ ಆಹಾರದ ಬಹುಪಾಲನ್ನು ಒದಗಿಸುತ್ತವೆ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಸ್ಕೇಲಿನಲ್ಲಿ 25 ಸೆಂ.ಮೀ. ತೋರಿಸಿ ‘ಇಷ್ಟೆತ್ತರದ ಹವಳಕ್ಕೆ ನನ್ನಷ್ಟೇ ವಯಸ್ಸು’ ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು.

ನಂತರ ಲೋಟದ ಪ್ರಯೋಗ. ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಮಣ್ಣು ಕದಡಿದ ನೀರು. ಟಾರ್ಚ್ ಹಿಡಿದಾಗ ಕದಡಿದ ನೀರಿನಾಚೆ ಬೆಳಕು ಹಾಯಲಿಲ್ಲ. ಮುಳುಗುಗಾರನ ಕಾಲಿನ ರೆಕ್ಕೆ ತಳದ ಮರಳನ್ನು ಎಬ್ಬಿಸಿದಾಗ ಶೈವಲಕ್ಕೆ ಬೆಳಕು ಕಡಿಮೆಯಾಗುತ್ತದೆ, ಮರಳು ಪಾಲಿಪ್‌ಗಳ ಮೇಲೆ ಕೂರುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು. ರೆಕ್ಕೆ ತಾಗಿ ಕೊಂಬೆ ಮುರಿಯುವುದು, ಕೈಯಿಂದ ಮುಟ್ಟಿದಾಗ ರಕ್ಷಣೆಯ ಲೋಳೆಪದರ ಅಳಿಸಿಹೋಗುವುದು, ದೋಣಿಯ ಲಂಗರು ದಿಬ್ಬವನ್ನು ಕೀಳುವುದು ಇವನ್ನು ನಾನು ಸೇರಿಸಿದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಮುರಿದು ತರುವುದು ಅಪರಾಧ.

ಎಡವಿದ್ದು ಎಲ್ಲಿ

ಅವಧಿ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಹಂಗಾದ್ರೆ ಟೂರಿಸ್ಟ್‌ಗಳು ಬರ್ಲೇಬಾರ್ದಾ ಮಿಸ್?’ ನಾನು ಯೋಚಿಸದೆ ‘ಬರದಿದ್ದರೇ ಒಳ್ಳೆಯದು’ ಎಂದುಬಿಟ್ಟೆ. ಅವನು ತಲೆ ತಗ್ಗಿಸಿದ. ಪಕ್ಕದವನು ಹೇಳಿದ: ‘ಇವರಪ್ಪ ಜೀಪ್ ಓಡಿಸ್ತಾರೆ ಮಿಸ್.’

ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಬಳಿಕ ಹೇಳಿದ್ದು ಒಂದೇ ಮಾತು: ‘ನೀವು ತೀರ್ಪು ಕೊಟ್ಟಿರಿ, ಪುರಾವೆ ಕೊಡಲಿಲ್ಲ.’ ಆ ರಾತ್ರಿ ಎರಡನೇ ಅವಧಿಯ ಪಾಠಯೋಜನೆಯನ್ನು ಹೊಸದಾಗಿ ಬರೆದೆ.

ಎರಡನೇ ಅವಧಿ

ಎರಡು ಬೆಂಚುಗಳ ನಡುವಿನ ಇಕ್ಕಟ್ಟಾದ ದಾರಿಯ ಅಂಚಿನಲ್ಲಿ 20 ಸೀಮೆಸುಣ್ಣ ನಿಲ್ಲಿಸಿದೆವು. 10 ಮಕ್ಕಳು ಬ್ಯಾಗು ಹೊತ್ತು ಸಾಗಿದರು, 13 ಬಿದ್ದವು. ಬ್ಯಾಗು ಬಿಗಿಯಾಗಿ ಕಟ್ಟಿ, ತಿರುಗುವಾಗ ಹಿಂದೆ ನೋಡಿ ಎಂದು ಹೇಳಿ ಮತ್ತೆ ಕಳಿಸಿದಾಗ 5 ಬಿದ್ದವು.

ಆಗ ನಿಜವಾದ ಅಧ್ಯಯನವನ್ನು ಮುಂದಿಟ್ಟೆ. ಈಜಿಪ್ಟಿನ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮುಳುಗುಗಾರರು 7 ನಿಮಿಷಕ್ಕೆ ಸರಾಸರಿ 1.4 ಬಾರಿ ಹವಳವನ್ನು ತಾಗಿಸುತ್ತಿದ್ದರು. ಮೊದಲೇ ತಿಳಿವಳಿಕೆ ನೀಡಿ ನೀರಿನಲ್ಲಿ ತೋರಿಸಿಕೊಟ್ಟ ಮೇಲೆ ಅದು 0.4ಕ್ಕೆ ಇಳಿಯಿತು. ಆದರೆ ತಿಳಿವಳಿಕೆಯೊಂದೇ ಸಾಲದು. ಕೆಂಪು ಸಮುದ್ರದ ಅಧ್ಯಯನಗಳು ಒಂದು ಜಾಗದಲ್ಲಿ ವರ್ಷಕ್ಕೆ 5,000ದಿಂದ 6,000 ಮುಳುಗುಗಳು ದಾಟಿದರೆ ಹಾನಿ ಏರುತ್ತದೆ ಎಂದು ಸೂಚಿಸಿವೆ. ಜಗತ್ತಿನ ಹವಳಗಳಿಗೆ ಇದಕ್ಕಿಂತ ದೊಡ್ಡ ಅಪಾಯ ಸಮುದ್ರ ಬಿಸಿಯಾಗುವುದು. 1998, 2010 ಮತ್ತು 2016ರಲ್ಲಿ ಶೈವಲ ಕಳೆದುಕೊಂಡ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಬಿಸಿಯಿಂದ ಬಳಲಿದ ಹವಳಕ್ಕೆ ಮುರಿದ ಗಾಯ ಮಾಯುವುದು ಇನ್ನೂ ಕಷ್ಟ. ಎಲ್ಲವನ್ನೂ ಪ್ರವಾಸಿಗನ ತಲೆಗೆ ಕಟ್ಟಬಾರದೆಂದು ಇದನ್ನೂ ಹೇಳಿದೆ.

ಮೌಲ್ಯಮಾಪನ

‘ನಮ್ಮ ಗುಡ್ಡಕ್ಕೆ ಬರುವವರಿಗೆ ಮೂರು ನಿಯಮ ಬರೆಯಿರಿ’ ಎಂದು ಕೇಳಿದೆ. ಆ ಹುಡುಗ ಬರೆದಿದ್ದ: ‘ಜೀಪು ಒಂದೇ ದಾರಿಯಲ್ಲಿ ಹೋಗಬೇಕು. ಮಳೆ ಬಂದ ದಿನ ಹುಲ್ಲಿನ ಮೇಲೆ ಹತ್ತಿಸಬಾರದು. ದಿನಕ್ಕೆ ಇಷ್ಟೇ ಜೀಪು ಅಂತ ಇರಬೇಕು, ಆದರೆ ಅದನ್ನು ಯಾರು ಹೇಳುತ್ತಾರೆ?’ ಉತ್ತರ ನನ್ನಲ್ಲಿರಲಿಲ್ಲ. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದು ಚರ್ಚೆಗೆ ಬಿಟ್ಟೆ. ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

ಸಹಪಾಠಿಗಳಿಗೆ ಎರಡು ಮಾತು

ಸೀಮೆಸುಣ್ಣದ ಚಟುವಟಿಕೆಯಲ್ಲಿ ಒಂದು ದೋಷವಿದೆ: ಎರಡೂ ಸುತ್ತಿಗೆ ಅದೇ ಮಕ್ಕಳಿದ್ದುದರಿಂದ ಅಭ್ಯಾಸದಿಂದಲೂ ಬಿದ್ದವುಗಳ ಸಂಖ್ಯೆ ಇಳಿದಿರಬಹುದು. ಮಾಡುವವರು ಬೇರೆ ಬೇರೆ ಗುಂಪುಗಳನ್ನು ಬಳಸಿ. ಎರಡನೆಯದು, ಪರಿಸರದ ಪಾಠಕ್ಕೆ ಮುನ್ನ ತರಗತಿಯ ಮಕ್ಕಳ ಮನೆಯವರು ಯಾವ ಕೆಲಸ ಮಾಡುತ್ತಾರೆಂದು ತಿಳಿದುಕೊಳ್ಳಿ. ಸತ್ಯವನ್ನು ಮುಚ್ಚಿಡಲು ಅಲ್ಲ, ಮಗುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದೆ ಹೇಳಲು.