ಹರಕೆ ತೀರಿಸಿ ಬರುವಾಗಲೇ ಕಳವಾಯಿತು

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ. ಮಗಳ ಹೆರಿಗೆ ಸುಸೂತ್ರವಾದರೆ ದೋರನಹಳ್ಳಿಗೆ ಬರುತ್ತೇನೆಂದು ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದೆ. ತಾಯಿ ಮಗು ಚೆನ್ನಾಗಿದ್ದಾರೆ. ಜೂನ್ ಹಬ್ಬಕ್ಕೆ ನಾನೂ ಯಜಮಾನರೂ ಹೋಗಿ, ಮೇಣದಬತ್ತಿ ಹಚ್ಚಿ, ಪೂಜೆ ಕಂಡು, ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿದೆವು. ಹಬ್ಬದ ನೂಕುನುಗ್ಗಲಿಗೆ ಹೆದರಿ ನಮ್ಮಮ್ಮನ ಸರವನ್ನು ಕೊರಳಿಂದ ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿನಲ್ಲಿಟ್ಟಿದ್ದೆ. ಶಿಲುಬೆ ಪದಕ ಇರುವ ಸರ, ಅಮ್ಮನ ಮದುವೆಯದು. ಅದರ ಜೊತೆ ಅಮ್ಮನ ಹಳೇ ಪ್ರಾರ್ಥನೆ ಪುಸ್ತಕವೂ ಇತ್ತು. ಅದರ ಹಿಂದಿನ ಹಾಳೆಗಳಲ್ಲಿ ನಮ್ಮೆಲ್ಲರ ಹುಟ್ಟು, ಜ್ಞಾನಸ್ನಾನ, ಅಪ್ಪ ತೀರಿಕೊಂಡ ದಿನ ಎಲ್ಲ ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದಳು. ಊಟಕ್ಕೆಂದು ಬಸ್ಸು ಹೆದ್ದಾರಿ ಬದಿಯಲ್ಲಿ ನಿಂತಾಗ ಇಳಿದೆವು. ಹತ್ತಿ ನೋಡಿದರೆ ಬ್ಯಾಗು ಇಲ್ಲ. ಯಾವ ತಾಲ್ಲೂಕು, ಯಾವ ಠಾಣೆ ಎಂದೂ ಗೊತ್ತಾಗಲಿಲ್ಲ.

ಯಜಮಾನರು "ಬ್ಯಾಗು ನೀನು ಹಿಡಿದುಕೊಂಡೇ ಇಳಿಯಬೇಕಿತ್ತು" ಅಂತ ದಿನಾ ಅಂತಾರೆ. ದೂರು ಕೊಡೋಣ ಅಂದರೆ "ಕ್ಷಮಿಸಬೇಕಾದ ಜನ ನಾವು, ಪೊಲೀಸ್ ಯಾಕೆ" ಅಂತಾರೆ. ಪ್ರಾರ್ಥನಾ ಕೂಟದ ಅಕ್ಕ ಒಬ್ಬರು "ಇಹದ ಸಂಪತ್ತಿಗೆ ಅಳೋದು ವಿಶ್ವಾಸದ ಕೊರತೆ" ಅಂದರು. ಪಕ್ಕದ ಮನೆ ಅಜ್ಜಿ, ಕಳ್ಳರು ಹಸು ಹೊಡಕೊಂಡು ಹೋದಾಗ ಬಸವಣ್ಣನವರು ಕರುಗಳನ್ನೂ ಹಿಂದೆ ಅಟ್ಟಿದ ಕಥೆ ಹೇಳಿದರು. ಕಳೆದದ್ದನ್ನು ಹುಡುಕಿಕೊಡುವ ಸಂತರ ಮನೆಯಿಂದ ಬರುವಾಗಲೇ ಹೀಗಾಯಿತಲ್ಲ! ಈಗ ಜಪಸರ ಹಿಡಿದರೆ ಕೈ ಓಡುವುದಿಲ್ಲ. ನನ್ನ ವಿಶ್ವಾಸ ಹೋಯಿತೇ?
— ಹೆಸರು ಬೇಡ

ಉತ್ತರ: ಪ್ರಿಯ ಸಹೋದರಿ, ವಿಶ್ವಾಸ ಹೋದವರು ಇಂಥ ಪತ್ರ ಬರೆಯುವುದಿಲ್ಲ. ದೇವರ ಮೇಲೆ ಮುನಿಸಿಕೊಂಡವರು ಬರೆಯುತ್ತಾರೆ. ಮುನಿಸು ಸಂಬಂಧ ಇರುವವರ ನಡುವೆಯೇ ಬರುವುದು.

ಮೊದಲು ನಿಮ್ಮ ಮನೆಯೊಳಗಿನ ಮಾತಿಗೆ ಬರುತ್ತೇನೆ. ಅಲ್ಲಿ ಆಗುತ್ತಿರುವ ನಷ್ಟ ಬ್ಯಾಗಿನದಕ್ಕಿಂತ ದೊಡ್ಡದು. ಸಮುವೇಲನ ಮೊದಲ ಗ್ರಂಥದ 30ನೇ ಅಧ್ಯಾಯವನ್ನು ಇಬ್ಬರೂ ಒಟ್ಟಿಗೆ ಕುಳಿತು ಓದಿ. ದಾವೀದನೂ ಅವನ 600 ಜನರೂ ದೂರ ಪ್ರಯಾಣ ಮಾಡಿ ಚಿಕ್ಲಗ್ ಊರಿಗೆ ಮರಳುತ್ತಾರೆ. ಅಷ್ಟರಲ್ಲಿ ಅಮಾಲೇಕ್ಯರು ಊರಿಗೆ ಬೆಂಕಿ ಇಟ್ಟು, ಹೆಂಡತಿ ಮಕ್ಕಳನ್ನೂ ಸೇರಿಸಿ ಎಲ್ಲವನ್ನೂ ದೋಚಿಕೊಂಡು ಹೋಗಿರುತ್ತಾರೆ. ಅಳಲು ತ್ರಾಣ ಇಲ್ಲವಾಗುವ ತನಕ ಆ ಗಂಡಸರು ಅಳುತ್ತಾರೆ. ಆಮೇಲೆ ಏನು ಮಾಡುತ್ತಾರೆ ಗೊತ್ತೇ? ಕಳ್ಳರು ಕೈಗೆ ಸಿಗಲಿಲ್ಲವಲ್ಲ, ದಾವೀದನಿಗೇ ಕಲ್ಲು ಹೊಡೆಯೋಣ ಎಂದು ಮಾತಾಡಿಕೊಳ್ಳುತ್ತಾರೆ. ಕೈಗೆ ಸಿಕ್ಕವರ ಮೇಲೆ ತಪ್ಪು ಹೊರಿಸುವುದು ಅಷ್ಟು ಹಳೆಯ ಚಾಳಿ. ನಿಮ್ಮ ಯಜಮಾನರು ಮಾಡುತ್ತಿರುವುದೂ ಅದನ್ನೇ, ಬಹುಶಃ ತಮಗೆ ಅರಿವಿಲ್ಲದೆ. ಅವರಿಗೂ ಆ ರಾತ್ರಿ ನಾಚಿಕೆಯಾಗಿರಬೇಕು. ಜೊತೆಯಲ್ಲಿದ್ದೂ ಕಾಯಲಾಗಲಿಲ್ಲ ಎಂಬ ಸಂಕಟವನ್ನು ಗಂಡಸರು ಎಷ್ಟೋ ಸಲ ಬೈಗುಳವಾಗಿಯೇ ಹೊರಹಾಕುತ್ತಾರೆ. "ಇಬ್ಬರೂ ಇಳಿದಿದ್ದೆವು, ಕದ್ದವನು ಮೂರನೆಯವನು" ಎಂದು ಒಮ್ಮೆ ಸಮಾಧಾನದಿಂದ ಹೇಳಿ ನೋಡಿ.

ಅದೇ ಅಧ್ಯಾಯದಲ್ಲಿ ಮುಂದಿನದನ್ನೂ ಗಮನಿಸಿ. ದಾವೀದ ಅತ್ತು ಮುಗಿಸಿ ದೇವರನ್ನು ಕೇಳುತ್ತಾನೆ, ಆಮೇಲೆ ಎದ್ದು ಬೆನ್ನಟ್ಟುತ್ತಾನೆ. ದಾರಿಯಲ್ಲಿ ಮೂರು ದಿನದಿಂದ ಅನ್ನ ನೀರಿಲ್ಲದೆ ಬಿದ್ದಿದ್ದ ಈಜಿಪ್ಟಿನ ಆಳೊಬ್ಬನಿಗೆ ಉಣಬಡಿಸಿ, ಅವನಿಂದ ಸುಳಿವು ಪಡೆಯುತ್ತಾನೆ. ಪ್ರಾರ್ಥನೆ ಮಾಡಿದ್ದೇನೆ, ಇನ್ನು ಸುಳಿವು ಯಾಕೆ ಎನ್ನಲಿಲ್ಲ.

ಹಾಗಾಗಿ ದೂರು ಕೊಡಿ. ಕ್ಷಮೆಗೂ ದೂರಿಗೂ ಜಗಳವಿಲ್ಲ. ಜಕ್ಕಾಯನ ಮನೆಗೆ ಯೇಸುಸ್ವಾಮಿ ಹೋದ ದಿನ, ಅನ್ಯಾಯವಾಗಿ ಪಡೆದಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನೇ ಎದ್ದು ನಿಂತು ಹೇಳಿದ. ಸ್ವಾಮಿ ಅದನ್ನು ಬೇಡವೆನ್ನಲಿಲ್ಲ. ದ್ವೇಷ ಬಿಡುವುದು ನಿಮ್ಮ ಕೆಲಸ, ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ. ಆ ಬ್ಯಾಗು ಕದ್ದವನು ನಾಳೆ ಇನ್ನೊಬ್ಬ ತಾಯಿಯ ಬ್ಯಾಗಿಗೂ ಕೈ ಹಾಕುತ್ತಾನೆ, ಅದನ್ನೂ ಯೋಚಿಸಿ.

ಯಾವ ಠಾಣೆ ಎಂಬ ಗೊಂದಲ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಜನ ಇದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ನಿಮ್ಮ ಊರಿನ ವ್ಯಾಪ್ತಿಯ ಠಾಣೆಯವರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ನಿಮಗೊಂದು ಪ್ರತಿ ಉಚಿತವಾಗಿ ಕೊಡಬೇಕು. ಪ್ರಯಾಣಿಕರ ವಾಹನದಿಂದ ಸಾಮಾನು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ 7 ವರ್ಷದವರೆಗೆ ಸಜೆ ಇದೆ; ಇದು ಚಿಲ್ಲರೆ ವಿಷಯವಲ್ಲ. ಸರದ ರಸೀದಿ ಇಲ್ಲದಿದ್ದರೆ ಮದುವೆ, ಹಬ್ಬದ ಫೋಟೊಗಳಲ್ಲಿ ಅಮ್ಮನ ಕೊರಳೋ ನಿಮ್ಮ ಕೊರಳೋ ಸ್ಪಷ್ಟವಾಗಿ ಕಾಣುವುದನ್ನು ಹುಡುಕಿ. ಚಿನ್ನ ಸಿಕ್ಕಿತು ಅಂತಿಟ್ಟುಕೊಳ್ಳಿ, ಇದು ನಮ್ಮದೇ ಎಂದು ನ್ಯಾಯಾಲಯದಲ್ಲಿ ತೋರಿಸಿ ಬಿಡಿಸಿಕೊಳ್ಳಲು ಆ ಫೋಟೊವೇ ಆಧಾರ. ಬಾರದೆಯೂ ಹೋಗಬಹುದು, ಸುಳ್ಳು ಆಸೆ ತೋರಿಸಲಾರೆ.

ಇನ್ನು ಪ್ರಾರ್ಥನೆ ಪುಸ್ತಕ. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಬರೆಯುವಾಗ ಕೈ ನಡುಗಿದ್ದು ಅಕ್ಷರದಲ್ಲೇ ಕಾಣುತ್ತದೆ. ಅಮ್ಮನ ಪೆನ್ಸಿಲ್ ಬರಹವನ್ನು ಯಾರೂ ಮರಳಿ ತರಲಾರರು. ಆದರೆ ಆ ದಿನಾಂಕಗಳು ಕಳೆದಿಲ್ಲ. ಕಥೋಲಿಕ ಧರ್ಮಕೇಂದ್ರ ಎಂದರೆ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳನ್ನು ಇಡಲೇಬೇಕು, ಅದು ಧರ್ಮಸಭೆಯ ಕಾನೂನು. ನಿಮ್ಮ ಕುಟುಂಬದವರಿಗೆ ಎಲ್ಲೆಲ್ಲಿ ಜ್ಞಾನಸ್ನಾನವಾಯಿತೋ ಅಲ್ಲಿನ ಗುರುಗಳಿಗೆ ಒಂದು ಅರ್ಜಿ ಬರೆದುಕೊಡಿ. ಹಳೆಯ ರಿಜಿಸ್ಟರಿನ ಸಾಲುಗಳಲ್ಲಿ ತಂದೆ ತಾಯಿಯ ಹೆಸರು, ಜ್ಞಾನಸ್ನಾನದ ತಂದೆ ತಾಯಂದಿರ ಹೆಸರು ಎಲ್ಲ ಇರುತ್ತವೆ. ಅಮ್ಮ ಬರೆಯದೆ ಬಿಟ್ಟದ್ದೂ ಸಿಕ್ಕೀತು. ಹೊಸ ಪ್ರಾರ್ಥನೆ ಪುಸ್ತಕ ತಂದು ಹಿಂದಿನ ಹಾಳೆಯಲ್ಲಿ ನೀವೇ ಬರೆಯಿರಿ, ಈ ಮೊಮ್ಮಗುವಿನ ಹೆಸರನ್ನೂ ಸೇರಿಸಿ.

ಅಳುವುದು ವಿಶ್ವಾಸದ ಕೊರತೆ ಎಂದ ಅಕ್ಕನಿಗೆ ನಿಮ್ಮ ಮೇಲೆ ಪ್ರೀತಿಯೇ ಇರಬಹುದು, ಮಾತು ಮಾತ್ರ ತಪ್ಪು. ಇನ್ನೇನು ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ತಿಳಿದೂ ಯೇಸುಸ್ವಾಮಿ ಅವನ ಸಮಾಧಿಯ ಬಳಿ ಕಣ್ಣೀರು ಹಾಕಿದರು. ನುಸಿ, ತುಕ್ಕು, ಕಳ್ಳರ ಮಾತು ಬರುವ ಮತ್ತಾಯನ 6ನೇ ಅಧ್ಯಾಯ ಕೂಡಿಹಾಕುವವರಿಗೆ ಹೇಳಿದ್ದು. ನೀವು ಚಿನ್ನ ಕೂಡಿಹಾಕಲಿಲ್ಲ, ಅಮ್ಮನನ್ನು ಕೊರಳಲ್ಲಿ ಇಟ್ಟುಕೊಂಡಿದ್ದಿರಿ. ಪಕ್ಕದ ಮನೆ ಅಜ್ಜಿಯ ಕಥೆ ನನಗೂ ಬಹಳ ಇಷ್ಟ. ಆದರೆ ಬಸವಣ್ಣನವರು ಹಾಗೆ ನಡೆದುಕೊಂಡದ್ದು ತಮ್ಮ ಹಸು ಕಳುವಾದಾಗ. ನೆರೆಮನೆಯ ಹಸು ಹೋದಾಗ ಉಪದೇಶ ಮಾಡಿದ್ದಲ್ಲ. ಯೋಬನೂ ಹಾಗೆಯೇ. ಅವನ ಎತ್ತು ಕತ್ತೆಗಳನ್ನು ಶೆಬದವರು, 3,000 ಒಂಟೆಗಳನ್ನು ಕಸ್ದೀಯರು ದೋಚಿದರು. ಕೊಟ್ಟವನೂ ಕೊಂಡವನೂ ದೇವರೇ ಎಂದು ಯೋಬ ತನ್ನ ಬಾಯಿಂದ ಹೇಳಿಕೊಂಡ. ಅವನ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕುಳಿತಿದ್ದಷ್ಟು ಹೊತ್ತು ಒಳ್ಳೆಯವರಾಗಿದ್ದರು. ಬಾಯಿ ಬಿಟ್ಟು, ನಿನ್ನಲ್ಲೇ ಏನೋ ಪಾಪ ಇರಬೇಕು ಎಂದ ಮೇಲೆ ಕೊನೆಗೆ ದೇವರಿಂದಲೇ ಬೈಸಿಕೊಂಡರು. ಹರಕೆಯಲ್ಲಿ ಲೋಪವಾಗಿರಬೇಕು ಎಂದು ನಾಳೆ ಯಾರಾದರೂ ಅಂದರೆ ಆ ಗೆಳೆಯರನ್ನು ನೆನೆಸಿಕೊಳ್ಳಿ.

ಸಂತ ಅಂತೋಣಿಯವರು ನಿಮ್ಮನ್ನು ಕೈಬಿಟ್ಟರೇ? ಕಳೆದ ವಸ್ತುಗಳಿಗಾಗಿ ಅವರನ್ನು ಕರೆಯುವ ವಾಡಿಕೆ ಹುಟ್ಟಿದ್ದೇ ಅವರ ಪುಸ್ತಕ ಕಳುವಾದ್ದರಿಂದ ಎಂದು ಪರಂಪರೆ ಹೇಳುತ್ತದೆ. ಅದು ಅವರು ಸ್ವಂತ ಟಿಪ್ಪಣಿ ಬರೆದುಕೊಂಡಿದ್ದ ಕೀರ್ತನೆಗಳ ಪುಸ್ತಕ. ಅಚ್ಚಿನ ಯಂತ್ರವಿಲ್ಲದ ಕಾಲ ಅದು. ಅವರು ತೀರಿಕೊಂಡದ್ದು 1231ರಲ್ಲಿ. ಮಠ ಬಿಟ್ಟು ಹೊರಟ ಕಿರಿಯನೊಬ್ಬ ಅದನ್ನು ಒಯ್ದ. ಅವರು ಪ್ರಾರ್ಥಿಸಿದರು, ಅವನು ಮನಸ್ಸು ಬದಲಿಸಿ ತಂದುಕೊಟ್ಟ. ಕೈಬರಹದ ಪುಸ್ತಕ ಕಳೆದುಕೊಳ್ಳುವ ಸಂಕಟ ಅವರಿಗೆ ಗೊತ್ತು. ಹರಕೆ ಹೊತ್ತದ್ದು ಮಗಳ ಹೆರಿಗೆಗೆ, ಅದು ಫಲಿಸಿತು, ನೀವು ಹೋಗಿ ತೀರಿಸಿದಿರಿ. ಆ ಲೆಕ್ಕ ಮುಗಿದಿದೆ. ಬ್ಯಾಗಿನ ಕಳವನ್ನು ತಂದು ಅದರೊಳಗೆ ಸೇರಿಸಬೇಡಿ.

ಮುಂದಿನ ಪ್ರಯಾಣದಲ್ಲಿ ಬ್ಯಾಗಿಗೆ ಬೀಗ ಹಾಕಿದರೆ ದೇವರ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. ಎಜ್ರ ಬೆಳ್ಳಿಬಂಗಾರ ಹೊತ್ತು ಜೆರುಸಲೇಮಿಗೆ ಹೊರಟಾಗ ರಾಜನ ಕಾವಲು ಕೇಳಲು ನಾಚಿಕೊಂಡು ಉಪವಾಸ ಮಾಡಿದ. ಆದರೂ ಎಲ್ಲವನ್ನೂ ತೂಕ ಹಾಕಿ ಯಾಜಕರ ವಶಕ್ಕೆ ಕೊಟ್ಟ, ತಲುಪಿದ ಮೇಲೆ ಮತ್ತೆ ತೂಗಿಸಿದ. ನೆಹೆಮೀಯ ಅದೇ ಊರಿಗೆ ರಾಜನ ಕುದುರೆ ಸವಾರರ ಜೊತೆಗೇ ಹೋದ. ಇಬ್ಬರೂ ದೇವಭಕ್ತರೇ.

ಜಪಸರ ಹಿಡಿಯಲಾಗದಿದ್ದರೆ ಸದ್ಯ ಪಕ್ಕಕ್ಕಿಡಿ. 88ನೇ ಕೀರ್ತನೆ ಓದಿ. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮಾತೂ ಇಲ್ಲದೆ. ಅದೂ ದೇವರ ವಾಕ್ಯವೇ. ಭಾನುವಾರದ ಪೂಜೆಗೆ ಮಾತ್ರ ಮನಸ್ಸಿಲ್ಲದಿದ್ದರೂ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ, ಉಳಿದವರು ನಿಮ್ಮ ಪರವಾಗಿ ಪ್ರಾರ್ಥಿಸಲಿ. ಬತ್ತಿದ ಮನಸ್ಸು ಮತ್ತೆ ತುಂಬಲು ಕಾಲ ಹಿಡಿಯುತ್ತದೆ. ನಿಮ್ಮ ತಾಲ್ಲೂಕಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಯಾರೂ ಕಟ್ಟೆ ಕೆಡವಲಿಲ್ಲ. ನಿಮಗೆ ಅಷ್ಟು ಕಾಲ ಬೇಕಾಗದು. ಎರಡು ಮೂರು ತಿಂಗಳಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.

ಆ ರಾತ್ರಿಯ ಬಸ್ ಟಿಕೆಟ್ ಪರ್ಸಿನಲ್ಲೋ ಯಜಮಾನರ ಅಂಗಿ ಜೇಬಿನಲ್ಲೋ ಉಳಿದಿದ್ದರೆ ಬಿಸಾಡಬೇಡಿ, ಯಾವ ಬಸ್ಸು, ಎಷ್ಟು ಹೊತ್ತಿಗೆ ಹೊರಟಿತು ಎಂಬುದಕ್ಕೆ ಅದೇ ದಾಖಲೆ. ಇಬ್ಬರೂ ಜೊತೆಯಾಗಿ ಈ ವಾರವೇ ಠಾಣೆಗೆ ಹೋಗಿ ಬನ್ನಿ.