ಬಯೋಲಾಜಿಕ್ ಸೂಜಿ ಶುರುಮಾಡುವವರಿಗೆ ಒಂದಷ್ಟು ಕಿವಿಮಾತು

ಸೋರಿಯಾಸಿಸ್‌ಗೆ ಡಾಕ್ಟರು ಬಯೋಲಾಜಿಕ್ ಇಂಜೆಕ್ಷನ್ ಬರೆದುಕೊಟ್ಟರೇ? ಗಾಬರಿ ಬೇಡ. ಔಷಧಿ ತನ್ನ ಕೆಲಸ ಮಾಡುತ್ತದೆ, ಕೆಡಿಸುವುದು ನಮ್ಮ ಮರೆವು. ಅದಕ್ಕೇ ಇಷ್ಟು ಹೇಳುತ್ತೇನೆ.

• ಮೊದಲ ಸೂಜಿಗೆ ಮುಂಚೆ ಟಿಬಿ ಪರೀಕ್ಷೆ, ಎದೆಯ ಎಕ್ಸ್-ರೇ, ಹೆಪಟೈಟಿಸ್ ಮತ್ತು ಎಚ್ಐವಿ ರಕ್ತಪರೀಕ್ಷೆ ತಪ್ಪದೆ ಮಾಡಿಸಿ. "ನನಗೆಲ್ಲಿಯ ಟಿಬಿ" ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಅದು ಸದ್ದಿಲ್ಲದೆ ಮಲಗಿರುತ್ತದೆ, ಈ ಸೂಜಿ ಬಿದ್ದಾಗ ಎದ್ದು ಕೂರಬಹುದು. ಮನೆಯಲ್ಲಿ ಹಿಂದೆ ಯಾರಿಗಾದರೂ ಬಂದಿದ್ದರೆ ಸಂಕೋಚ ಬಿಟ್ಟು ಹೇಳಿ. ಮಲಗಿರುವ ಟಿಬಿ ಕಂಡರೆ ಮೊದಲು ಅದರ ಮಾತ್ರೆ. ಸೂಜಿ ಸಾಮಾನ್ಯವಾಗಿ ಒಂದು ತಿಂಗಳಾದರೂ ಕಾಯಬೇಕು.

• ಬಾಕಿ ಲಸಿಕೆಗಳ ವಿಷಯ ಮೊದಲೇ ಕೇಳಿಕೊಳ್ಳಿ. ಈ ಔಷಧಿ ಶುರುವಾದ ಮೇಲೆ ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಹಾಕಿಸುವಂತಿಲ್ಲ. ಫ್ಲೂ ಸೂಜಿಗೆ ಅಡ್ಡಿಯಿಲ್ಲ.

• ಸೂಜಿಯ ತಾರೀಖುಗಳನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಮಾಡಿ, ದಿನಾ ಕಣ್ಣಿಗೆ ಬೀಳುತ್ತದೆ. ನಿಮ್ಮ ಔಷಧಿ ಸೆಕುಕಿನುಮ್ಯಾಬ್ ಆದರೆ ವಾರಕ್ಕೊಂದರಂತೆ 5 ಸಲ, ಆಮೇಲೆ 4 ವಾರಕ್ಕೊಮ್ಮೆ. ಅಡಾಲಿಮುಮ್ಯಾಬ್ ಸಾಮಾನ್ಯವಾಗಿ 2 ವಾರಕ್ಕೊಮ್ಮೆ. ಪಕ್ಕದ ಮನೆಯವರ ಲೆಕ್ಕ ನಿಮ್ಮದಲ್ಲ.

• ಔಷಧಿ ತುಂಬಿದ ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಡಬ್ಬಿಯ ಸಮೇತ ಇಡಿ, ಬೆಳಕು ತಾಗಬಾರದು. ಬಾಗಿಲಿನ ಖಾನೆ ಬೇಡ, ತೆಗೆದು ಮುಚ್ಚುವಾಗಲೆಲ್ಲ ಬಿಸಿಯಾಗುತ್ತದೆ. ಫ್ರೀಜರಿನ ಹತ್ತಿರವಂತೂ ಬೇಡವೇ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿಯೂ ಬಳಸುವಂತಿಲ್ಲ, ಅಷ್ಟು ದುಡ್ಡು ಚರಂಡಿಗೆ. ಮೊಸರಿನ ಪಾತ್ರೆ ಸರಿಸಿ ನಡುವಿನ ಖಾನೆಯಲ್ಲಿ ಜಾಗ ಮಾಡಿ. ಕರೆಂಟ್ ಹೋದಾಗ ಪದೇ ಪದೇ ಬಾಗಿಲು ತೆರೆದು ನೋಡಬೇಡಿ. ಅಂಗಡಿಯಿಂದ ತರುವಾಗ ಐಸ್ ಪ್ಯಾಕ್ ಇರಲಿ, ಆದರೆ ಪೆಟ್ಟಿಗೆಗೆ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ.

• ಚುಚ್ಚಿಕೊಳ್ಳುವ ಮುಂಚೆ ಅರ್ಧ ಗಂಟೆ ಹೊರಗಿಡಿ, ತಣ್ಣಗಿದ್ದರೆ ಜಾಸ್ತಿ ಉರಿಯುತ್ತದೆ. ಅವಸರವೆಂದು ಬಿಸಿನೀರಿಗೆ ಹಾಕಬೇಡಿ, ಅಲ್ಲಾಡಿಸಬೇಡಿ. ತೊಡೆ ಇಲ್ಲವೇ ಹೊಟ್ಟೆ, ಹೊಕ್ಕುಳಿಂದ ಎರಡು ಇಂಚು ದೂರ. ಚಕ್ಕೆ ಎದ್ದ ಚರ್ಮಕ್ಕೆ ಬೇಡ. ಪ್ರತಿ ಸಲ ಜಾಗ ಬದಲಿಸಿ, ಆಮೇಲೆ ಉಜ್ಜಬೇಡಿ.

• ಮುಗಿದ ಪೆನ್ನನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಿ.

• ಜ್ವರ, ಎರಡು ವಾರ ದಾಟಿದ ಕೆಮ್ಮು, ಸುಮ್ಮನೆ ಇಳಿಯುವ ತೂಕ ಕಂಡರೆ ಮುಂದಿನ ಸೂಜಿಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಹಲ್ಲು ಕೀಳಿಸುವಾಗಲೂ ಔಷಧಿಯ ಹೆಸರು ಹೇಳಿ.

• ಬಸುರಿಯಾದರೆ ಕೂಡಲೇ ತಿಳಿಸಿ. ಹುಟ್ಟಿದ ಮಗುವಿಗೆ ಬಿಸಿಜಿ ಹಾಕಿಸುವ ಮುಂಚೆ ಮಕ್ಕಳ ಡಾಕ್ಟರಿಗೂ ಗೊತ್ತಿರಬೇಕು.

• ಚರ್ಮ ತಿಳಿಯಾಯಿತೆಂದು ನೀವೇ ನಿಲ್ಲಿಸಬೇಡಿ, ಕಾಯಿಲೆ ಮರಳುತ್ತದೆ. ದುಡ್ಡಿಗೆ ಕಷ್ಟವಾದರೆ ಬಾಯಿಬಿಟ್ಟು ಕೇಳಿ. ಮೂಲ ಔಷಧಿಯನ್ನೇ ಹೋಲುವ ಅಗ್ಗದ ಬಯೋಸಿಮಿಲರ್‌ಗಳಿವೆ, ಅಡಾಲಿಮುಮ್ಯಾಬ್‌ನದು 2014ರಿಂದಲೇ ನಮ್ಮ ದೇಶದಲ್ಲಿ ಸಿಗುತ್ತಿದೆ. ವಿಮೆ ಇದ್ದರೆ ಈ ಸೂಜಿಗೆ ಎಷ್ಟು ಮಿತಿ ಹಾಕಿದ್ದಾರೆಂದು ಮೊದಲೇ ಓದಿಸಿ. ಬಿಲ್ಲುಗಳನ್ನು ತರಕಾರಿ ಚೀಲದಲ್ಲಿ ಬಿಡಬೇಡಿ, ಕ್ಲೇಮ್ ಮಾಡುವಾಗ ವಿಮೆಯವರು ಅಸಲನ್ನೇ ಕೇಳುತ್ತಾರೆ.