ಕನ್ನಡ ಹಾಡುಪರಂಪರೆಯಲ್ಲಿ ಶಿಶುಪಾಲನೆ: ರಂಪ, ವಿನೋದ ಮತ್ತು ದುಡಿಮೆ

ಮಗುವನ್ನು ಕುರಿತ ಕನ್ನಡದ ಹಾಡುಗಳನ್ನು ವಿಮರ್ಶೆ ಬಹುಕಾಲದಿಂದ ‘ವಾತ್ಸಲ್ಯ’ ಎಂಬ ಒಂದೇ ಪರಿಭಾಷೆಯಡಿ ಓದುತ್ತ ಬಂದಿದೆ. ದಾಸರ ಬಾಲಕೃಷ್ಣನ ಕೀರ್ತನೆಗಳು ವಾತ್ಸಲ್ಯಭಕ್ತಿಯ ನಿದರ್ಶನಗಳಾಗಿಯೂ, ಜನಪದ ತ್ರಿಪದಿಗಳು ತಾಯ್ತನದ ಮಹಿಮೆಯ ನಿದರ್ಶನಗಳಾಗಿಯೂ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿವೆ. ಈ ಓದು ತಪ್ಪೆನ್ನುವಂತಿಲ್ಲ, ಆದರೆ ಅಪೂರ್ಣ. ವಾತ್ಸಲ್ಯವು ಒಂದು ಭಾವ. ಶಿಶುಪಾಲನೆಯಾದರೋ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ನಡೆಯುವ ಕೆಲಸ. ಉಣ್ಣಿಸುವುದು, ಹಟ ಮುರಿಯುವುದು, ಬಾವಿಯ ಕಡೆಗೆ ಹೋಗದಂತೆ ತಡೆಯುವುದು, ನೆರೆಯವರ ದೂರಿಗೆ ಉತ್ತರ ಹೇಳುವುದು, ಕೊನೆಗೆ ಮಲಗಿಸುವುದು - ಇವೆಲ್ಲವೂ ಆ ಕೆಲಸದ ಅಂಗಗಳು. ಹಾಡುಗಳಲ್ಲಿ ಈ ಕೆಲಸದ ವಿವರಗಳು ಹೇರಳವಾಗಿವೆ. ಅವುಗಳೊಂದಿಗೆ ನಗೆಯೂ ಇದೆ. ಆ ನಗೆ ಎಲ್ಲಿಂದ ಹುಟ್ಟುತ್ತದೆ, ಅದು ಏನನ್ನು ಹೇಳುತ್ತದೆ ಮತ್ತು ಏನನ್ನು ಮರೆಮಾಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಉಕ್ಕಿದ ಹಾಲು ಮತ್ತು ಎರಡಂಗುಲ ಕಡಿಮೆಯಾದ ಹಗ್ಗ

ದಾಸರ ಬಾಲಲೀಲೆಯ ಹಾಡುಗಳಿಗೆ ಮೂಲ ಆಕರವಾದ ಭಾಗವತದ ದಶಮಸ್ಕಂಧದಲ್ಲಿಯೇ ಮನೆಯೊಳಗಿನ ರಂಪದ ಚಿತ್ರ ಸ್ಪಷ್ಟವಾಗಿದೆ. ದಾಮೋದರನ ಪ್ರಸಂಗವನ್ನು ತತ್ತ್ವಾರ್ಥವನ್ನು ಬದಿಗಿರಿಸಿ ನೋಡಿದರೆ ಅದು ಒಂದು ಬೆಳಗಿನ ಗೃಹಕೃತ್ಯದ ವರದಿ. ದಾಸಿಯರು ಬೇರೆ ಕೆಲಸಗಳಲ್ಲಿ ತೊಡಗಿದ್ದಾರೆ. ಯಶೋದೆ ತಾನೇ ಮೊಸರು ಕಡೆಯುತ್ತ, ಮಗನ ಆಟಗಳನ್ನು ನೆನೆದು ಹಾಡುತ್ತಿದ್ದಾಳೆ. ಮಗು ಬಂದು ಕಡೆಗೋಲು ಹಿಡಿಯುತ್ತದೆ, ಮೊಲೆಹಾಲು ಬೇಡುತ್ತದೆ. ಅದು ಕುಡಿದು ತೃಪ್ತಿಯಾಗುವ ಮೊದಲೇ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ತಾಯಿ ಮಗುವನ್ನು ಕೆಳಗಿಳಿಸಿ ಓಡುತ್ತಾಳೆ. ಮಗು ಸಿಟ್ಟಿನಿಂದ ತುಟಿ ಕಚ್ಚಿ, ಹುಸಿ ಕಣ್ಣೀರು ತಂದು, ಕಲ್ಲಿನಿಂದ ಮೊಸರಿನ ಗಡಿಗೆಯನ್ನು ಒಡೆದು, ಒಳಗೆ ಹೋಗಿ ಬೆಣ್ಣೆ ತಿನ್ನುತ್ತದೆ. ಹಿಂದಿರುಗಿ ಬಂದ ಯಶೋದೆ ಒಡೆದ ಗಡಿಗೆಯನ್ನು ಕಂಡು ಮೊದಲು ಮಾಡುವ ಕೆಲಸ ನಗುವುದು.

ಈ ನಗೆಯ ಸ್ಥಾನ ಗಮನಾರ್ಹ. ಅದು ಹಾನಿಯ ಅನಂತರ, ಶಿಕ್ಷೆಯ ಮೊದಲು ಬರುತ್ತದೆ. ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುವುದು, ಮಗು ಹೆದರಿದ್ದನ್ನು ಕಂಡು ಕೋಲನ್ನು ಎಸೆಯುವುದು, ಕಟ್ಟಿಹಾಕಲು ತಂದ ಹಗ್ಗ ಎರಡಂಗುಲ ಕಡಿಮೆಯಾಗುವುದು, ಮನೆಯಲ್ಲಿದ್ದ ಹಗ್ಗಗಳನ್ನೆಲ್ಲ ಜೋಡಿಸಿದರೂ ಅದೇ ಎರಡಂಗುಲ ಉಳಿಯುವುದು, ತಾಯಿಯ ಮೈ ಬೆವರಿ ಮುಡಿಯ ಹೂವು ಉದುರುವುದು ಇವು ಆಮೇಲಿನ ಸಂಗತಿಗಳು. ವ್ಯಾಖ್ಯಾನಗಳು ಆ ಎರಡಂಗುಲಕ್ಕೆ ಆಧ್ಯಾತ್ಮಿಕ ಅರ್ಥಗಳನ್ನು ಕೊಟ್ಟಿವೆ. ಆದರೆ ಮಗುವಿಗೆ ಅಂಗಿ ತೊಡಿಸಲು ಒಮ್ಮೆಯಾದರೂ ಪ್ರಯತ್ನಿಸಿದ ಯಾವುದೇ ಓದುಗನಿಗೆ ಆ ಅಳತೆಯ ಲೌಕಿಕ ಅರ್ಥವೂ ತಿಳಿಯುತ್ತದೆ. ಯಾವ ಸಿದ್ಧತೆಯೂ ಮಗುವಿನ ಮುಂದೆ ಸ್ವಲ್ಪವೇ ಸಾಲದೆ ಹೋಗುತ್ತದೆ. ಮಗು ತಾನಾಗಿ ಒಪ್ಪಿದಾಗ ಮಾತ್ರ ಗಂಟು ಬೀಳುತ್ತದೆ.

ಇದೇ ಪ್ರಸಂಗದ ಕೊನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒರಳಿಗೆ ಕಟ್ಟಿದ ಮಗುವಿನಿಂದ ಅವಳಿ ಮರಗಳು ಉರುಳಿದ ಬಳಿಕ ನಂದನು ಬಂದು, ನಸುನಗುತ್ತ ಕಟ್ಟು ಬಿಚ್ಚುತ್ತಾನೆ. ಬೆಳಗಿನಿಂದ ಬೆವರಿದವಳು ತಾಯಿ. ಕೊನೆಯ ಗಳಿಗೆಯಲ್ಲಿ ಬಂದು ನಗುತ್ತ ಬಿಡಿಸಿದವನು ತಂದೆ. ಪುರಾಣಕಾರನು ಇದನ್ನು ಟೀಕೆಯಾಗಿ ಹೇಳಿಲ್ಲ. ಆದರೂ ಶಿಶುಪಾಲನೆಯಲ್ಲಿ ದುಡಿಮೆ ಮತ್ತು ವಿನೋದಗಳ ಹಂಚಿಕೆ ಸಮಾನವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಂಕ್ಷಿಪ್ತವಾದ ಸಾಕ್ಷ್ಯ ದೊರೆಯುವುದು ಕಷ್ಟ.

2. ಗುಮ್ಮನ ಮುಂದೆ ನಡೆಯುವ ಸಂಧಾನ

16ನೆಯ ಶತಮಾನದ ಪುರಂದರದಾಸರ ಕೀರ್ತನೆಗಳಲ್ಲಿ ಈ ಗೃಹಚಿತ್ರ ಕನ್ನಡದ ಅಂಗಳಕ್ಕೆ ಬಂದು ನಿಲ್ಲುತ್ತದೆ. ‘ಗುಮ್ಮನ ಕರೆಯದಿರೆ’ ಎಂಬ ಕೀರ್ತನೆ ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ. ಇಲ್ಲಿ ಮಾತನಾಡುವುದು ತಾಯಿಯಲ್ಲ, ಮಗು. ತಾಯಿ ಗುಮ್ಮನನ್ನು ಕರೆಯುವುದಾಗಿ ಬೆದರಿಸಿದ್ದಾಳೆ ಎಂಬುದು ಹಾಡಿನ ಹೊರಗೇ ಉಳಿದಿದೆ. ಮಗು ಒಂದರ ಮೇಲೊಂದರಂತೆ ಮಾತು ಕೊಡುತ್ತದೆ: ಅಳುವುದಿಲ್ಲ, ಮೊಲೆಹಾಲು ಬೇಡುವುದಿಲ್ಲ, ಅನ್ನ ಉಣ್ಣುತ್ತೇನೆ, ಮಕ್ಕಳನ್ನು ಹೊಡೆಯುವುದಿಲ್ಲ, ಅಣ್ಣನನ್ನು ಬೈಯುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಕಡೆಗೆ ಹೋಗುವುದಿಲ್ಲ, ಕರುಗಳನ್ನು ಬಿಚ್ಚುವುದಿಲ್ಲ.

ಈ ಪಟ್ಟಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಮಗುವಿನ ಬಾಯಲ್ಲಿ ಅದು ವಾಗ್ದಾನ; ಕೇಳುಗನಿಗೆ ಅದು ತಪ್ಪೊಪ್ಪಿಗೆ. ಇನ್ನು ಮುಂದೆ ಮಾಡುವುದಿಲ್ಲ ಎಂದು ಹೇಳಿದ್ದೆಲ್ಲವೂ ಇದುವರೆಗೆ ಮಾಡಿದ್ದೇ ಆಗಿದೆ. ತಾಯಿಯ ದಿನ ಹೇಗೆ ಕಳೆದಿರಬೇಕು ಎಂಬುದು ಒಂದು ಮಾತೂ ಇಲ್ಲದೆ ತಿಳಿದುಬಿಡುತ್ತದೆ. ಹಾಡಿನ ಹಾಸ್ಯಕ್ಕೆ ಈ ದ್ವಿಮುಖತೆಯೇ ಆಧಾರ.

ವ್ಯಾಕರಣದ ದೃಷ್ಟಿಯಿಂದಲೂ ಈ ರಚನೆ ಕುತೂಹಲಕರವಾಗಿದೆ. ‘ಬೇಡೆನು’, ‘ಬಡಿಯೆನು’ ಮುಂತಾದ ನಿಷೇಧರೂಪಗಳು ಇಲ್ಲಿ ಸಾಲುಗಟ್ಟಿವೆ. ಕನ್ನಡದ ಈ ಹಳೆಯ ನಿಷೇಧಕ್ರಿಯೆಗೆ ಕಾಲವಾಚಕ ಪ್ರತ್ಯಯವಿಲ್ಲವೆಂಬುದು ವೈಯಾಕರಣರಿಗೆ ತಿಳಿದ ಸಂಗತಿ. ‘ಬೇಡೆನು’ ಎಂಬುದು ಬೇಡಲಿಲ್ಲ, ಬೇಡುವುದಿಲ್ಲ, ಮುಂದೆಯೂ ಬೇಡಲಾರೆ ಎಂಬ ಮೂರು ಅರ್ಥಗಳನ್ನೂ ತಾಳಬಲ್ಲದು. ಗುಮ್ಮನ ಭಯದಲ್ಲಿರುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಕ್ರಿಯಾಪದ ಇರಲಾರದು. ಮಾತು ಗಟ್ಟಿಯಾಗಿ ಕೇಳುತ್ತದೆ. ಅವಧಿ ಮಾತ್ರ ಎಲ್ಲಿಯೂ ನಮೂದಾಗಿಲ್ಲ.

ಶಿಶುನುಡಿಯ ಬಳಕೆಯನ್ನೂ ಇಲ್ಲಿ ಗಮನಿಸಬೇಕು. ಮೊಲೆಗೆ ‘ಅಮ್ಮಿ’, ಊಟಕ್ಕೆ ‘ಮಮ್ಮು’ ಎಂಬ ಪದಗಳು ಕೀರ್ತನೆಯೊಳಗೆ ಸಹಜವಾಗಿ ಸೇರಿವೆ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯೂಸನ್ 1964ರಲ್ಲಿ ಮರಾಠಿಯೂ ಸೇರಿದಂತೆ ಆರು ಭಾಷೆಗಳ ಶಿಶುನುಡಿಯನ್ನು ಹೋಲಿಸಿ, ಅದು ಮಕ್ಕಳ ಸೃಷ್ಟಿಯೆನ್ನುವುದಕ್ಕಿಂತ ಹಿರಿಯರು ಪರಂಪರೆಯಾಗಿ ಕಾಪಾಡಿಕೊಂಡು ಬಂದ ನುಡಿಪ್ರಭೇದವೆಂದು ತೋರಿಸಿದರು. ದ್ವಿತ್ವ, ಓಷ್ಠ್ಯ ಮತ್ತು ಅನುನಾಸಿಕ ಧ್ವನಿಗಳ ಪ್ರಾಚುರ್ಯ, ಪುನರುಕ್ತಿ ಇವು ಕನ್ನಡದ ಶಿಶುನುಡಿಯ ಲಕ್ಷಣಗಳೂ ಹೌದು. ಬುವ್ವ, ತಾಚಿ, ಚೀಚಿ ಮೊದಲಾದವು ಇಂದಿಗೂ ಮನೆಗಳಲ್ಲಿ ಜೀವಂತವಾಗಿವೆ. ಹೀಗಾಗಿ ‘ಅಮ್ಮಿ ಬೇಡ, ಮಮ್ಮು ಉಣ್ಣುವೆ’ ಎಂಬರ್ಥದ ಮಾತು ಬರಿಯ ಮುದ್ದು ಅಲ್ಲ. ಮೊಲೆ ಬಿಡಿಸಿ ಅನ್ನಕ್ಕೆ ರೂಢಿಮಾಡಿಸುವ, ಮನೆಮಂದಿಯ ನಿದ್ದೆಗೆಡಿಸುವ ಹಂತವೊಂದರ ದಾಖಲೆ ಅದು.

ಕೀರ್ತನೆಯ ಅತ್ಯಂತ ಸೂಕ್ಷ್ಮ ವಿನೋದ ಅದರ ಕೊನೆಯ ವಾಗ್ದಾನದಲ್ಲಿದೆ. ದೇವರಂತೆ ಒಂದೇ ಕಡೆ ಕುಳಿತಿರುವೆನೆಂದು ಮಗು ಹೇಳುತ್ತದೆ. ದೇವರೇ ಆದ ಮಗು ದೇವರ ಹಾಗೆ ನಟಿಸುವುದಾಗಿ ಮಾತು ಕೊಡುತ್ತಿದೆ. ಇಲ್ಲಿ ‘ದೇವರು’ ಎಂದರೆ ಮನೆಯ ಜಗಲಿಯ ಮೇಲೆ ಅಲುಗಾಡದೆ ಕುಳಿತ ವಿಗ್ರಹ. ದಣಿದ ತಾಯಿಗೆ ಬೇಕಾಗಿರುವುದೂ ಅದೇ. ಆದರೆ ಅಲುಗಾಡದ ಮಗು ಯಾರಿಗೂ ಬೇಕಿಲ್ಲವೆಂಬುದು ಮುಂದಿನ ಕ್ಷಣದಲ್ಲಿ ಸ್ಪಷ್ಟವಾಗುತ್ತದೆ: ತಾಯಿ ಮುಗುಳ್ನಕ್ಕು ಮಗುವನ್ನು ಬಿಗಿದಪ್ಪಿಕೊಳ್ಳುತ್ತಾಳೆ. ಸಂಧಾನ ಮುಗಿಯುತ್ತದೆ, ಯಾವ ಷರತ್ತೂ ಜಾರಿಗೆ ಬರುವುದಿಲ್ಲ.

3. ಭಯದ ಪದರ

ಈ ನಗೆಯ ಕೆಳಗೆ ಭಯದ ಒಂದು ಪದರವಿದೆ. ‘ಪೋಗದಿರೆಲೋ ರಂಗ’ ಎಂಬ ಕೀರ್ತನೆಯಲ್ಲಿ ತಾಯಿ ಮಗನನ್ನು ಹೊಸ್ತಿಲು ದಾಟದಂತೆ ತಡೆಯುತ್ತಾಳೆ. ಭಾಗವತರು ಕಂಡರೆ ಎತ್ತಿಕೊಂಡು ಹೋದಾರೆಂಬುದು ಅವಳು ಕೊಡುವ ಕಾರಣ. ಭಕ್ತರೇ ಇಲ್ಲಿ ಮಕ್ಕಳ ಕಳ್ಳರು. ಕೇಳುವ ಭಕ್ತನಿಗೆ ಇದು ಚಮತ್ಕಾರ. ತಾಯಿಗೆ ಬಾಗಿಲಾಚೆಗಿನ ಪ್ರಪಂಚ ನಿಜವಾಗಿಯೂ ಅಪಾಯದ್ದು. ‘ಅಮ್ಮ ನಿಮ್ಮ ಮನೆಗಳಲ್ಲಿ’ ಎಂಬ ಹಾಡಿನಲ್ಲಿ ಆ ಭಯ ನಿಜವಾಗಿ, ತಾಯಿ ಕಾಣದ ಮಗನನ್ನು ಮನೆಯಿಂದ ಮನೆಗೆ ವಿಚಾರಿಸುತ್ತ ಅಲೆಯುತ್ತಾಳೆ.

‘ಅಳುವುದ್ಯಾತಕೋ ರಂಗ’ ಎಂಬ ಕೀರ್ತನೆಯಲ್ಲಿ ತಾಯಿ ಅಳುವಿನ ಕಾರಣವನ್ನು ಹುಡುಕುತ್ತಾಳೆ. ಪೂತನಿಯನ್ನು ಕೊಂದುದಕ್ಕೆ ದೃಷ್ಟಿ ತಾಕಿತೇ, ಬೆಟ್ಟ ಎತ್ತಿದ್ದಕ್ಕೆ ಬೆರಳು ಉಳುಕಿತೇ, ಕಾಳಿಂಗನನ್ನು ತುಳಿದುದಕ್ಕೆ ಕಾಲು ನೊಂದಿತೇ ಎಂದು ಒಂದೊಂದನ್ನೂ ಕೇಳುತ್ತ ಹೋಗುತ್ತಾಳೆ. ಅವತಾರದ ಮಹಾಕಾರ್ಯಗಳೆಲ್ಲ ಇಲ್ಲಿ ರೋಗನಿದಾನದ ಪ್ರಶ್ನೆಗಳಾಗಿ ಮಾರ್ಪಡುತ್ತವೆ. ಹೊಟ್ಟೆನೋವೋ, ಹಸಿವೋ, ದೃಷ್ಟಿಯೋ ಎಂದು ಮಾತು ಬಾರದ ಮಗುವಿನ ಮುಂದೆ ಊಹೆಗಳನ್ನು ಸಾಲಾಗಿ ಇಡುವ ನಡುರಾತ್ರಿಯ ತಾಯಿಯ ಮಾತಿನ ಧಾಟಿಯೇ ಇಲ್ಲಿ ಕೀರ್ತನೆಯ ಬಂಧವಾಗಿದೆ. ಶಿಶುಮರಣ ನಿತ್ಯದ ಸಂಗತಿಯಾಗಿದ್ದ ಕಾಲದಲ್ಲಿ ಅಳುವ ಮಗು ಕೇವಲ ಕಿರಿಕಿರಿಯಾಗಿರಲಿಲ್ಲ. ದೃಷ್ಟಿ ತೆಗೆಯುವ ಆಚರಣೆಯೂ ಈ ಹಾಡೂ ಒಂದೇ ಆತಂಕಕ್ಕೆ ನೀಡಿದ ಎರಡು ಉತ್ತರಗಳು. ಹಾಡು ಆ ಆತಂಕವನ್ನು ನಗಬಹುದಾದಷ್ಟು ದೂರದಲ್ಲಿರಿಸುತ್ತದೆ.

4. ತ್ರಿಪದಿಯ ಗರತಿ: ಕೆಟ್ಟ ಮನೆಗೆಲಸದ ಪ್ರಶ್ನೆ

ದಾಸರು ಪುರುಷರು, ತಾಯಿಯ ದಿನಚರಿಯನ್ನು ಅವರು ಬಲು ಸೂಕ್ಷ್ಮವಾಗಿ ಕಂಡವರು. ತ್ರಿಪದಿಗಳ ಗರತಿಯಾದರೋ ಆ ದಿನಚರಿಯನ್ನು ಬದುಕಿದವಳು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಬೆಳಕಿಗೆ ಬಂದ ‘ಗರತಿಯ ಹಾಡು’ ಈ ಲೋಕವನ್ನು ಓದುಗರಿಗೆ ಪರಿಚಯಿಸಿತು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳಾದುದರಿಂದ ಇವುಗಳಲ್ಲಿ ಕೆಲಸ ವಸ್ತುವಷ್ಟೇ ಅಲ್ಲ, ಲಯವೂ ಆಗಿದೆ. ಭಾಗವತದ ಯಶೋದೆ ಮೊಸರು ಕಡೆಯುತ್ತ ಮಗನನ್ನು ಹಾಡಿದಂತೆಯೇ ಗರತಿ ಜೋಳ ಬೀಸುತ್ತ ಕಂದನನ್ನು ಹಾಡುತ್ತಾಳೆ.

ಒಳಗೂ ಹೊರಗೂ ಓಡುವ ಮಗು ಮನೆಗೆ ಬೀಸಣಿಗೆಯಾಗುತ್ತದೆಂಬ ಕಲ್ಪನೆ ಪ್ರಸಿದ್ಧವಾದುದು. ಬಿಡುವಿಲ್ಲದ ಓಡಾಟವೆಂಬ ಉಪದ್ರವವನ್ನು ತಂಗಾಳಿಯೆಂಬ ಉಪಕಾರವಾಗಿ ಅದು ಮಾರ್ಪಡಿಸುತ್ತದೆ. ಅಳುವ ಮಗುವಿನ ತುಟಿಗೆ ಹವಳದ, ಹುಬ್ಬಿಗೆ ಬೇವಿನೆಸಳಿನ ಹೋಲಿಕೆಗಳನ್ನು ತಂದ ತ್ರಿಪದಿ ಅದರ ಕಣ್ಣೋಟಕ್ಕೆ ಬಂದಾಗ ಶಿವನ ಕೈಯ ಹೊಳೆಯುವ ಅಲಗನ್ನು ನೆನೆಯುತ್ತದೆ. ಕೋಮಲ ಉಪಮೆಗಳ ಸಾಲಿನಲ್ಲಿ ಆಯುಧವೊಂದು ಹಠಾತ್ತನೆ ಕಾಣಿಸಿಕೊಳ್ಳುವುದು ಹಟದ ಮಗುವನ್ನು ಎದುರಿಗೆ ಕಂಡವರ ಅನುಭವಕ್ಕೆ ನಿಷ್ಠವಾಗಿದೆ.

ಮತ್ತೊಂದು ತ್ರಿಪದಿಯ ಭಾವ ಹೀಗಿದೆ: ಅತ್ತರೆ ಅಳಲಿ, ಈ ಕೂಸು ತನಗಿರಲಿ, ಮನೆಗೆಲಸ ಕೆಟ್ಟರೆ ಕೆಡಲಿ. ಇದನ್ನು ತಾಯ್ತನದ ಧನ್ಯತೆಯೆಂದು ಮಾತ್ರ ಓದುವುದು ವಾಡಿಕೆ. ಆದರೆ ಕೆಟ್ಟ ಮನೆಗೆಲಸಕ್ಕೆ ಕೂಡುಕುಟುಂಬದ ಸೊಸೆ ಉತ್ತರ ಹೇಳಬೇಕಾಗಿತ್ತೆಂಬುದನ್ನು ನೆನೆದರೆ ಈ ಮಾತಿನ ಧ್ವನಿ ಬದಲಾಗುತ್ತದೆ. ಉಕ್ಕುವ ಹಾಲಿಗಾಗಿ ಯಶೋದೆ ಮಗುವನ್ನು ಕೆಳಗಿಳಿಸಿದಳು. ಗರತಿ ಹಾಲು ಉಕ್ಕಿದರೆ ಉಕ್ಕಲಿ ಎನ್ನುವ ನಿಲುವಿಗೆ ಬರುತ್ತಾಳೆ. ಗೋಕುಲದ ಒಡತಿಗೆ ದಾಸಿಯರಿದ್ದರು, ಗರತಿಗೆ ಇರಲಿಲ್ಲ. ಎರಡು ಕೆಲಸಗಳು ಒಂದೇ ಗಳಿಗೆಯಲ್ಲಿ ಕೈಬೀಸಿ ಕರೆದಾಗ ಯಾವುದನ್ನು ಕೈಬಿಡಬೇಕೆಂಬ ನಿತ್ಯದ ಪ್ರಶ್ನೆಗೆ ಆಕೆ ಕೊಟ್ಟ ತೀರ್ಪಿದು. ಅದರಲ್ಲಿ ಅಕ್ಕರೆ ಇರುವಷ್ಟೇ ಪ್ರತಿರೋಧವೂ ಇದೆ. ಸಂತಾನವಿಲ್ಲದವಳನ್ನು ಹೀಯಾಳಿಸುತ್ತಿದ್ದ ಸಮಾಜದಲ್ಲಿ ಅಳುವ ಕೂಸು ಆಕೆಯ ಮನ್ನಣೆಯ ಆಧಾರವೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

5. ಆಧುನಿಕ ಸಂದರ್ಭ

ಹೊಸಗನ್ನಡದಲ್ಲಿ ಹಾಸ್ಯದ ಕೇಂದ್ರ ಸ್ಥಳಾಂತರಗೊಂಡಿತು. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯಲ್ಲಿ ತಾಯಿ ಕಾಣಿಸಿಕೊಳ್ಳುವುದೇ ಇಲ್ಲ. ತಗಡಿನ ತುತ್ತೂರಿ ಕೊಂಡು ಜಂಬಪಡುವ ಹುಡುಗ, ಅದು ನೀರಿಗೆ ಜಾರಿದಾಗ ಬದಲಾಗುವ ಸದ್ದು, ಇಷ್ಟೇ ಅಲ್ಲಿಯ ಲೋಕ. ಮಗುವೇ ಓದುಗನಾದಾಗ ಪಾಲನೆಯ ದುಡಿಮೆ ತೆರೆಮರೆಗೆ ಸರಿಯುವುದು ಸಹಜ. ಕೆ.ಎಸ್. ನರಸಿಂಹಸ್ವಾಮಿಯವರ ‘ಅತ್ತಿತ್ತ ನೋಡದಿರು’ ಜೋಗುಳದಲ್ಲಿ ಮಾತ್ರ ಹಳೆಯ ವ್ಯಾಕರಣ ಮರಳುತ್ತದೆ. ಶಾಂತಿಯ ಹಾಡೆಂದು ಹೆಸರಾದ ಜೋಗುಳ ಇಲ್ಲಿ ನಿಷೇಧಾರ್ಥಕ ವಿಧಿರೂಪಗಳಿಂದಲೇ ತೊಡಗುತ್ತದೆ. ನೋಡಬೇಡ, ಹೊರಳಾಡಬೇಡ ಎಂದು ಹೇಳಬೇಕಾಗಿದೆಯೆಂದರೆ ಮಗು ನೋಡುತ್ತಲೂ ಹೊರಳಾಡುತ್ತಲೂ ಇದೆಯೆಂದೇ ಅರ್ಥ. ಗುಮ್ಮನ ಹಾಡಿನಲ್ಲಿ ಮಗು ಆಡಿದ ನಿಷೇಧಗಳನ್ನು ಇಲ್ಲಿ ಹಿರಿಯರು ಆಡುತ್ತಿದ್ದಾರೆ.

ಗದ್ಯದಲ್ಲಿ ಈ ವಸ್ತುವಿಗೆ ನೆಲೆ ಒದಗಿಸಿದ್ದು 1942ರಲ್ಲಿ ಆರಂಭವಾದ ‘ಕೊರವಂಜಿ’. ಟಿ. ಸುನಂದಮ್ಮನವರಂತಹ ಲೇಖಕಿಯರ ಮೂಲಕ ಮನೆಯೊಳಗಿನ ಗಡಿಬಿಡಿಯನ್ನು ಮನೆಯ ಹೆಂಗಸೇ ನಗುತ್ತ ಹೇಳುವ ಸಾಧ್ಯತೆ ಅಚ್ಚಿನ ಲೋಕದಲ್ಲಿ ತೆರೆದುಕೊಂಡಿತು. ಗರತಿಯ ತ್ರಿಪದಿಗೂ ಈ ಬರಹಗಳಿಗೂ ಇರುವ ಒಳಸಂಬಂಧ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

6. ಸಮಾರೋಪ

ಒಟ್ಟಾರೆಯಾಗಿ, ಈ ಹಾಡುಗಳಲ್ಲಿ ಹಾಸ್ಯವು ಅಲಂಕಾರವಾಗಿ ಬಂದುದಲ್ಲ. ಹಾನಿಗೂ ಶಿಕ್ಷೆಗೂ ನಡುವೆ, ಆತಂಕಕ್ಕೂ ಅಳುವಿಗೂ ನಡುವೆ, ಮಗುವಿನ ಕರೆಗೂ ಮನೆಗೆಲಸದ ಕರೆಗೂ ನಡುವೆ ದೊರೆಯುವ ಕಿರಿದಾದ ಬಿಡುವಿನಲ್ಲಿ ಅದು ಹುಟ್ಟುತ್ತದೆ. ವಾತ್ಸಲ್ಯವೆಂಬ ಪರಿಭಾಷೆ ಆ ಬಿಡುವಿನಲ್ಲಿ ಅರಳಿದ ನಗೆಯನ್ನು ಗುರುತಿಸಿತು. ಬಿಡುವು ಎಷ್ಟು ಕಿರಿದಾಗಿತ್ತೆಂಬುದನ್ನು ಗುರುತಿಸಲಿಲ್ಲ. ತರಗತಿಯಲ್ಲಿ ಈ ಪಠ್ಯಗಳನ್ನು ಬೋಧಿಸುವಾಗ ‘ಇಲ್ಲಿ ತಾಯಿಯ ಪ್ರೀತಿ ಹೇಗೆ ವ್ಯಕ್ತವಾಗಿದೆ’ ಎಂಬ ಪ್ರಶ್ನೆಯ ಜೊತೆಗೆ ‘ಈ ಹೊತ್ತಿನಲ್ಲಿ ತಾಯಿಯ ಕೈಯಲ್ಲಿ ಇನ್ನೇನು ಕೆಲಸವಿತ್ತು’ ಎಂಬ ಪ್ರಶ್ನೆಯನ್ನೂ ಕೇಳುವುದು ಅವಶ್ಯ. ಆಗ ಯಶೋದೆಯ ನಗೆ ಭಕ್ತಿಯ ಚೌಕಟ್ಟಿನಲ್ಲಿ ಉಳಿದುಕೊಂಡೇ, ಒಡೆದ ಗಡಿಗೆಯ ಚೂರುಗಳನ್ನು ಆಯಬೇಕಾದ ಹೆಂಗಸಿನ ನಗೆಯಾಗಿಯೂ ಕೇಳಿಸುತ್ತದೆ.